ರೆಡಿಮೇಡ್ ಮೇಜುಬಟ್ಟೆಗೆ ಹಬ್ಬದ ಅಪ್ಲಿಕ್: ಅಂಟಿಸುವುದೋ, ಹೊಲಿಯುವುದೋ, ಕಳಚುವಂತೆ ಇಡುವುದೋ?

ಸಾದಾ ಮೇಜುಬಟ್ಟೆಗೆ ಹಬ್ಬದ ಕಳೆ ಕಟ್ಟಲು ಅಪ್ಲಿಕ್‌ನಷ್ಟು ಬೇಗ ಕೈಗೂಡುವ ಕಲೆ ಇನ್ನೊಂದಿಲ್ಲ. ಬಣ್ಣದ ಬಟ್ಟೆಯಲ್ಲಿ ನಕ್ಷತ್ರವನ್ನೋ ಎಲೆಯನ್ನೋ ದೀಪವನ್ನೋ ಕತ್ತರಿಸಿ ಹಾಸಿನ ಮೇಲೆ ಕೂರಿಸಿದರೆ, ಕಸೂತಿಯಲ್ಲಿ ವಾರಗಟ್ಟಲೆ ಹಿಡಿಯುವ ಬಣ್ಣದ ಹರವು ಒಂದೆರಡು ಸಂಜೆಯಲ್ಲಿ ಸಿಗುತ್ತದೆ. ಅಂಚು ಈಗಾಗಲೇ ಮಡಿಚಿ ಹೊಲಿದಿರುವ ಟೇಬಲ್ ಕ್ಲಾತ್, ರನ್ನರ್ (ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿ), ನ್ಯಾಪ್ಕಿನ್‌ಗಳನ್ನೇ ತಂದುಕೊಂಡರೆ ಅರ್ಧ ಶ್ರಮ ಉಳಿದಂತೆ.

ಆದರೆ ಕೂರಿಸುವ ಬಗೆಗಳು ಹಲವಿವೆ. ಹೆಚ್ಚಿನವರು ಮೊದಲು ಚಿತ್ರ ಆರಿಸುತ್ತಾರೆ, ಆಮೇಲೆ ವಿಧಾನ, ಒಗೆಯುವ ಯೋಚನೆ ಬರುವುದು ಕೊನೆಗೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ನನ್ನ ಗಟ್ಟಿ ಅಭಿಪ್ರಾಯ. ಊಟದ ಮೇಜಿನ ಬಟ್ಟೆ ಗೋಡೆಗೆ ತೂಗುಹಾಕುವ ವಸ್ತುವಲ್ಲ. ಎಣ್ಣೆ, ಸಾರು, ಮೇಣ ಎಲ್ಲವೂ ಅದರ ಮೇಲೆ ಬೀಳುತ್ತವೆ. ಈ ಬಟ್ಟೆ ಎಷ್ಟು ಸಲ ಒಗೆತಕ್ಕೆ ಹೋಗುತ್ತದೆ, ಎಂಥ ನೀರಿನಲ್ಲಿ, ಆಮೇಲೆ ಎಷ್ಟು ಬಿಸಿ ಇಸ್ತ್ರಿ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ, ಯಾವ ವಿಧಾನ ಹೊಂದುತ್ತದೆ ಎಂಬುದು ಮುಕ್ಕಾಲು ಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ.

ಮೊದಲು ಹಾಸಿನ ಬಟ್ಟೆ

ರೆಡಿಮೇಡ್ ಬಟ್ಟೆಯ ದೊಡ್ಡ ತೊಡಕೆಂದರೆ ಅದನ್ನು ನೀವು ನೇಯಿಸಿದ್ದಲ್ಲ, ತೊಳೆದದ್ದೂ ಅಲ್ಲ. ಹತ್ತಿಯ ಬಟ್ಟೆ ಮೊದಲ ಒಗೆತದಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. ಲಿನನ್ ಇನ್ನೂ ಹೆಚ್ಚು ಕುಗ್ಗಬಹುದು. 180 ಸೆಂಟಿಮೀಟರ್ ಉದ್ದದ ರನ್ನರ್ ನೂರಕ್ಕೆ ಮೂರರಷ್ಟು ಕುಗ್ಗಿದರೂ ಐದು ಸೆಂಟಿಮೀಟರಿಗಿಂತ ಹೆಚ್ಚು ಹೋಯಿತು. ಅದರ ಮೇಲೆ ಕೂತ ನಕ್ಷತ್ರ ಕುಗ್ಗದೆ ಹಾಸು ಮಾತ್ರ ಕುಗ್ಗಿದರೆ, ನಕ್ಷತ್ರದ ಸುತ್ತ ಸುಕ್ಕುಗಟ್ಟಿ ಮಧ್ಯಭಾಗ ಉಬ್ಬಿ ನಿಲ್ಲುತ್ತದೆ. ಯಾವ ಇಸ್ತ್ರಿಯೂ ಆ ಉಬ್ಬನ್ನು ಇಳಿಸದು. ಆದ್ದರಿಂದ ಹಾಸನ್ನೂ ಅಪ್ಲಿಕ್ ಬಟ್ಟೆಯನ್ನೂ ಮುಂದೆ ಒಗೆಯುವ ರೀತಿಯಲ್ಲೇ ಒಮ್ಮೆ ಒಗೆದು ಒಣಗಿಸಿ. ಮೃದುಕಾರಕ ದ್ರವ ಹಾಕಬೇಡಿ. ಅದು ಬಿಟ್ಟುಹೋಗುವ ಪದರದ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಕಲೆ ಹಿಡಿಯದಂತೆ ಲೇಪನ ಮಾಡಿದ ಟೇಬಲ್ ಕ್ಲಾತ್‌ಗಳಿಗೂ ಇದೇ ದೋಷವಿದೆ. ನೀರಿನ ಹನಿ ಹಾಕಿದರೆ ಹೀರದೆ ಮಣಿಯಾಗಿ ಉರುಳುವ ಬಟ್ಟೆಯಾದರೆ ಅಂಟಿಸುವ ವಿಧಾನವನ್ನು ಪಟ್ಟಿಯಿಂದ ಹೊಡೆದುಹಾಕಿ, ಹೊಲಿಗೆಯನ್ನೇ ನಂಬಿ.

ಹತ್ತಿ, ಲಿನನ್, ಪಾಲಿಯೆಸ್ಟರ್, ಬೆರಕೆ ಬಟ್ಟೆ ಇವುಗಳಲ್ಲಿ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಧ್ಯಮ ದಪ್ಪದ, ಒತ್ತಾಗಿ ನೇಯ್ದ ಹತ್ತಿಯನ್ನೇ ಆರಿಸಿ. ಅಂಟು, ಹೊಲಿಗೆ, ಬಿಸಿ ಎಲ್ಲವನ್ನೂ ಅದು ತಾಳುತ್ತದೆ. ಇಸ್ತ್ರಿಪೆಟ್ಟಿಗೆಯ ಮೂರು ಚುಕ್ಕೆಯ ಗುರುತು ಗರಿಷ್ಠ 200 ಡಿಗ್ರಿ ಸೆಲ್ಸಿಯಸ್, ಎರಡು ಚುಕ್ಕೆ 150, ಒಂದು ಚುಕ್ಕೆ 110. ಹತ್ತಿ, ಲಿನನ್‌ಗಳು ಮೂರು ಚುಕ್ಕೆಯ ಬಟ್ಟೆಗಳು. ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ದಿನಬಳಕೆಗೆ ಅನುಕೂಲ ಎಂಬುದೆಲ್ಲ ನಿಜ. ಆದರೆ ಚಿತ್ರ ಕೂರಿಸುವ ಅಂಟುಹಾಳೆ ಇಸ್ತ್ರಿಯಲ್ಲಿ ಕರಗುವಷ್ಟು ಬಿಸಿಯಿಟ್ಟರೆ ಹೊಳಪಿನ ಗುರುತು ಬೀಳುವ ಅಪಾಯವಿದೆ. ಲೇಬಲ್‌ನಲ್ಲಿರುವ ಚುಕ್ಕೆಗಳನ್ನೂ ಅಂಟುಹಾಳೆಯ ಮೇಲಿನ ಸೂಚನೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಎರಡೂ ಹೊಂದದಿದ್ದರೆ ಕೈಹೊಲಿಗೆಗೆ ಬನ್ನಿ. ಸಡಿಲ ನೇಯ್ಗೆಯ ಲಿನನ್ ಕಣ್ಣಿಗೆ ಬಹಳ ಚೆಂದ, ಆದರೆ ಮಿಷನ್ ಹೊಲಿಗೆಯ ಒತ್ತಡಕ್ಕೆ ಎಳೆಗಳು ಸರಿದು ಸುರುಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಲೇಪದ ಮೇಜುಹಾಸಿಗೆ ಅಪ್ಲಿಕ್ ಬೇಡವೇ ಬೇಡ: ಇಸ್ತ್ರಿ ತಾಗುವಂತಿಲ್ಲ, ಸೂಜಿ ಚುಚ್ಚಿದ ತೂತು ಮುಚ್ಚುವುದಿಲ್ಲ.

ಯಾವುದನ್ನು ಅಲಂಕರಿಸುವುದು

ರನ್ನರ್, ಟೇಬಲ್ ಕ್ಲಾತ್, ತಟ್ಟೆಯ ಕೆಳಗಿಡುವ ಪ್ಲೇಸ್‌ಮ್ಯಾಟ್, ನ್ಯಾಪ್ಕಿನ್ ಈ ನಾಲ್ಕರಲ್ಲಿ ಒಂದನ್ನು ಮಾತ್ರ ಅಲಂಕರಿಸುವಷ್ಟು ಸಮಯವಿದ್ದರೆ ರನ್ನರ್ ಆರಿಸಿ. ಮೇಜಿನ ನಡುವೆ ಹಾದುಹೋಗುವ ಈ ಪಟ್ಟಿ ತಟ್ಟೆಯ ಕೆಳಗೆ ಬರುವುದಿಲ್ಲ, ಕೈಬಾಯಿ ಒರೆಸುವುದಕ್ಕೆ ಸಿಗುವುದಿಲ್ಲ, ಹೀಗಾಗಿ ಒಗೆತ ಕಡಿಮೆ. ಕೆಲಸವೆಲ್ಲ ಎದ್ದು ಕಾಣುವುದೂ ಇಲ್ಲಿಯೇ. ಎರಡೂ ತುದಿಗಳು ಮೇಜಿನಿಂದ ಇಳಿಬಿದ್ದರೆ ಅಲ್ಲಿ ದೊಡ್ಡ ಚಿತ್ರ ಧಾರಾಳವಾಗಿ ಹಿಡಿಸುತ್ತದೆ.

ಟೇಬಲ್ ಕ್ಲಾತ್‌ನಲ್ಲಿ ಜಾಗವೇನೋ ಹೇರಳ, ಆದರೆ ಆ ಜಾಗದ ಬಹುಪಾಲು ತಟ್ಟೆ ಬಟ್ಟಲುಗಳ ಕೆಳಗೆ ಹೋಗುತ್ತದೆ. ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲದ ಜಾಗ ಬೇಕು ಎಂದು ಲೆಕ್ಕ ಹಿಡಿದರೆ ನಡುಭಾಗದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಚಿತ್ರಗಳನ್ನು ಇಳಿಬೀಳುವ ಅಂಚಿಗೆ, ಅದರಲ್ಲೂ ನಾಲ್ಕು ಮೂಲೆಗಳಿಗೆ ತಳ್ಳಿ. ಕುರ್ಚಿಯ ಎದುರು ಇಳಿಬೀಳುವ ಭಾಗಕ್ಕೆ ಮೊಣಕಾಲು, ಕುರ್ಚಿಯ ಕೈ ಉಜ್ಜುತ್ತಲೇ ಇರುತ್ತವೆ; ಮೂಲೆಗೆ ಆ ಕಾಟವಿಲ್ಲ. ಇನ್ನು ಹೊಲಿಯುವಾಗ ಅಷ್ಟು ದೊಡ್ಡ ಬಟ್ಟೆಯನ್ನು ಮಿಷನ್ನಿನ ತೋಳಿನ ಕೆಳಗೆ ತಿರುಗಿಸುವುದು ಸಣ್ಣ ಕೆಲಸವಲ್ಲ ಎಂಬುದೂ ನೆನಪಿರಲಿ.

ಪ್ಲೇಸ್‌ಮ್ಯಾಟ್‌ನ ಅಳತೆ ಸಾಮಾನ್ಯವಾಗಿ 45 ಸೆಂಟಿಮೀಟರ್ ಉದ್ದ, 30ರ ಆಸುಪಾಸು ಅಗಲ. ಊಟದ ತಟ್ಟೆಯೇ 25ರಿಂದ 28 ಸೆಂಟಿಮೀಟರ್ ಇರುತ್ತದೆ. ಅಲ್ಲಿಗೆ ಎಡಬಲದಲ್ಲಿ ಉಳಿಯುವುದು ಒಂಬತ್ತು ಸೆಂಟಿಮೀಟರಿನಷ್ಟು ಪಟ್ಟಿ. ಆ ಪಟ್ಟಿಯಲ್ಲಿ ಬಲಕ್ಕೆ ಲೋಟ ಬಂದರೆ, ಚಿತ್ರಕ್ಕೆ ಉಳಿಯುವುದು ಎಡ ಮೇಲ್ಮೂಲೆ. ಲೋಟ ಕೂರುವ ಜಾಗದಲ್ಲಿ ಉಬ್ಬಿದ ಅಪ್ಲಿಕ್ ಇದ್ದರೆ ಉದ್ದ ಕಾಲಿನ ಗಾಜಿನ ಲೋಟ ಓಲಾಡುತ್ತದೆ. ಮೇಜಿನ ಮೇಲಿರುವ ಯಾವ ಅಲಂಕಾರವೂ ಊಟ ಮಾಡುವವರಿಗೆ ತೊಡಕಾಗಬಾರದು.

ನ್ಯಾಪ್ಕಿನ್ ಬಗ್ಗೆ ನಾನು ಕಟ್ಟುನಿಟ್ಟು. ಪ್ರತಿ ಊಟಕ್ಕೂ ಒಗೆಯಬೇಕಾದ, ತುಟಿಗೆ ತಾಗುವ ಬಟ್ಟೆ ಅದು. ಜರಿ ದಾರ, ಮಿಣುಗು, ಗಟ್ಟಿ ಅಂಟು ಯಾವುದೂ ಅಲ್ಲಿ ಬೇಡ. ಒಂದು ಮೂಲೆಯಲ್ಲಿ, ಮಡಿಚಿದ ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ, ಚಿಕ್ಕದೊಂದು ಎಲೆ ಅಥವಾ ನಕ್ಷತ್ರ ಸಾಕು. ನ್ಯಾಪ್ಕಿನ್ನಿನ ಹಿಂಬದಿಯೂ ಕಾಣುತ್ತದೆ. ಮಿಷನ್ನಿನ ಕೆಳದಾರ ಸುತ್ತುವ ಬಾಬಿನ್‌ನಲ್ಲಿ ನ್ಯಾಪ್ಕಿನ್ನಿನದೇ ಬಣ್ಣದ ದಾರ ತುಂಬಿದರೆ ಹಿಂಬದಿಯ ಗೀಚು ಅಡಗುತ್ತದೆ. ಹೊಲಿಯುವ ಮೊದಲು ನ್ಯಾಪ್ಕಿನ್ ಅನ್ನು ಮೇಜಿಗೆ ಇಡುವ ರೀತಿಯಲ್ಲೇ ಮಡಿಚಿ ನೋಡಿ. ಮಡಿಕೆಯಲ್ಲಿ ಯಾವ ಮೂಲೆ ಮೇಲೆ ಬರುತ್ತದೆ, ಚಿತ್ರ ತಲೆಕೆಳಗಾಗಿ ಕಾಣುವುದೇ ಎಂಬುದು ಆಗ ಮಾತ್ರ ತಿಳಿಯುತ್ತದೆ.

ಕೂರಿಸುವ ವಿಧಾನಗಳು

ಬರೀ ಅಂಟು. ಒಂದು ಬದಿಗೆ ಕಾಗದವಿರುವ, ಇಸ್ತ್ರಿಯ ಬಿಸಿಗೆ ಕರಗುವ ಅಂಟುಹಾಳೆ ಫ್ಯೂಸಿಬಲ್ ವೆಬ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕಾಗದದ ಮೇಲೆ ಚಿತ್ರ ಬರೆದು, ಬಟ್ಟೆಯ ಹಿಂಬದಿಗೆ ಇಸ್ತ್ರಿಯಿಂದ ಅಂಟಿಸಿ, ಗೆರೆಯ ಮೇಲೆ ಕತ್ತರಿಸಿ, ಕಾಗದ ಸುಲಿದು ಹಾಸಿನ ಮೇಲಿಟ್ಟು ಮತ್ತೆ ಒತ್ತಬೇಕು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು, ಇಲ್ಲದಿದ್ದರೆ ಎಡಕ್ಕೆ ಬಾಗಬೇಕಾದ ಎಲೆ ಬಲಕ್ಕೆ ಬಾಗುತ್ತದೆ; ಅಕ್ಷರಗಳಾದರಂತೂ ಓದಲೇ ಆಗದು. ಇಸ್ತ್ರಿಯನ್ನು ಉಜ್ಜದೆ ಎತ್ತೆತ್ತಿ ಒತ್ತಿ. ಈ ವಿಧಾನದ ಗುಣ ಅದರ ವೇಗ. ಎಷ್ಟೇ ವಕ್ರವಾದ ಚಿತ್ರವಾದರೂ ಅಂಚು ಚೂಪಾಗಿ ಬರುತ್ತದೆ.

ಹೊಲಿಯದೆಯೇ ಬಾಳಿಕೆ ಬರುವುದೆಂದು ಹೇಳುವ ದಪ್ಪ ಅಂಟುಹಾಳೆಗಳೂ ಇವೆ. ಮೇಜುಬಟ್ಟೆಯ ಮಟ್ಟಿಗೆ ನನಗೆ ಅವುಗಳ ಮೇಲೆ ಭರವಸೆಯಿಲ್ಲ. ಚಿತ್ರ ರಟ್ಟಿನಂತೆ ಸೆಟೆದು ನಿಲ್ಲುತ್ತದೆ, ಬಟ್ಟೆಯ ಇಳಿಬೀಳುವ ಗುಣ ಹೋಗುತ್ತದೆ, ಕೆಲವು ಒಗೆತಗಳ ಬಳಿಕ ಚೂಪು ತುದಿಗಳು ಮೊದಲು ಏಳತೊಡಗುತ್ತವೆ. ಮೇಣದ ಕಲೆಯ ಸಂಗತಿಯೂ ಇದೆ. ಬಟ್ಟೆಗೆ ಬಿದ್ದ ಮೇಣವನ್ನು ತೆಗೆಯಲು ಹೀರುವ ಕಾಗದವಿಟ್ಟು ಇಸ್ತ್ರಿ ಮಾಡುತ್ತೇವೆ; ಅದೇ ಬಿಸಿಗೆ ಕೆಳಗಿನ ಅಂಟೂ ಮೆತ್ತಗಾಗುತ್ತದೆ. ಅಂಚಿಗೆ ಹೊಲಿಗೆ ಇಲ್ಲದಿದ್ದರೆ ಚಿತ್ರ ಜರುಗಲು ಇಷ್ಟು ಸಾಕು. ಒಂದೇ ಹಬ್ಬಕ್ಕೆ ಬಳಸಿ ಬಿಡುವ ಬಟ್ಟೆಗೆ, ಮಕ್ಕಳ ಜೊತೆ ಕೂತು ಮಾಡುವ ಕೆಲಸಕ್ಕೆ ಬರೀ ಅಂಟು ಸರಿ.

ತೆಳು ಅಂಟು, ಮೇಲೆ ಮಿಷನ್ ಹೊಲಿಗೆ. ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ. ತೆಳುವಾದ ಅಂಟುಹಾಳೆ ಚಿತ್ರವನ್ನು ಜಾಗದಲ್ಲಿ ಹಿಡಿದಿಡುತ್ತದೆ, ಹೊಲಿಗೆ ಅದನ್ನು ವರ್ಷಗಟ್ಟಲೆ ಉಳಿಸುತ್ತದೆ. ದೊಡ್ಡ ಚಿತ್ರವಾದರೆ ಅಂಟುಹಾಳೆಯ ನಡುಭಾಗವನ್ನು ಕತ್ತರಿಸಿ ತೆಗೆದು, ಗೆರೆಯ ಒಳಗೆ ಅರ್ಧ ಸೆಂಟಿಮೀಟರಿನಷ್ಟು ಬಳೆಯಂತೆ ಉಳಿಸಿಕೊಳ್ಳಿ. ಅಂಚು ಮಾತ್ರ ಅಂಟುತ್ತದೆ, ನಡುವೆ ಬಟ್ಟೆ ಮೃದುವಾಗಿಯೇ ಇರುತ್ತದೆ.

ಹೊಲಿಗೆಯಲ್ಲಿ ಮೂರು ಬಗೆ. ಅಂಚಿಗಿಂತ ತುಸು ಒಳಗೆ ಹಾಕುವ ನೇರ ಹೊಲಿಗೆ ಸುಲಭ, ಆದರೆ ಒಗೆದಂತೆ ಅಂಚು ಸ್ವಲ್ಪ ಎಳೆ ಬಿಡುತ್ತದೆ. ಆ ಒರಟು ಅಂದ ಬೇಕೆನ್ನುವವರಿಗೆ ಅಡ್ಡಿಯಿಲ್ಲ. ಕಂಬಳಿಯ ಅಂಚಿಗೆ ಹಾಕುವಂಥ ಬ್ಲಾಂಕೆಟ್ ಹೊಲಿಗೆ ಎರಡೂವರೆ ಮೂರು ಮಿಲಿಮೀಟರ್ ಅಗಲದಲ್ಲಿ ಅಂಚನ್ನು ಹಿಡಿದು ಕೈಕೆಲಸದ ಛಾಯೆ ಕೊಡುತ್ತದೆ. ಸ್ಯಾಟಿನ್ ಹೊಲಿಗೆ ಎಂದರೆ ಒತ್ತೊತ್ತಾದ ಝಿಗ್‌ಝ್ಯಾಗ್: ಉದ್ದ 0.3ರಿಂದ 0.5 ಮಿಲಿಮೀಟರ್, ಅಗಲ ಚಿಕ್ಕ ಚಿತ್ರಕ್ಕೆ ಎರಡು, ದೊಡ್ಡದಕ್ಕೆ ಮೂರು ನಾಲ್ಕು. ಅದು ಅಂಚನ್ನು ಪೂರ್ತಿ ಮುಚ್ಚುತ್ತದೆ, ಒಗೆತಕ್ಕೆ ಎಲ್ಲಕ್ಕಿಂತ ಗಟ್ಟಿ. ಹಾಗೆಂದು ತೆಳು ಹಾಸಿನ ಮೇಲೆ ನೇರವಾಗಿ ಹೊಲಿದರೆ ಬಟ್ಟೆ ಸುರುಟಿ ಸುರಂಗದಂತಾಗುತ್ತದೆ. ಹಾಸಿನ ಕೆಳಗೆ ಹರಿದು ತೆಗೆಯಬಹುದಾದ ಆಧಾರದ ಹಾಳೆಯಿಟ್ಟು ಹೊಲಿಯಲೇಬೇಕು. ಮೇಲಿನ ದಾರದ ಬಿಗಿಯನ್ನು ಸ್ವಲ್ಪ ಸಡಿಲಿಸಿದರೆ ಬಾಬಿನ್ ದಾರ ಮೇಲೆ ಇಣುಕುವುದಿಲ್ಲ. 75 ಅಥವಾ 80ನೆಯ ಅಳತೆಯ ಹೊಸ, ಚೂಪು ಸೂಜಿ ಹಾಕಿಕೊಳ್ಳಿ. ಅಂಟು ಮೆತ್ತಿದ ಸೂಜಿ ದಾರ ಕಡಿಯುತ್ತದೆ.

ಸ್ಯಾಟಿನ್ ಹೊಲಿಗೆಯ ಅಂದವೆಲ್ಲ ತಿರುವುಗಳಲ್ಲಿದೆ. ನಕ್ಷತ್ರವನ್ನೇ ತೆಗೆದುಕೊಳ್ಳಿ. ಹೊರಕ್ಕೆ ಚಾಚಿದ ತುದಿ ಬಂದಾಗ, ಸೂಜಿ ಚಿತ್ರದ ಹೊರಗೆ, ಹಾಸಿನ ಬಟ್ಟೆಯಲ್ಲಿ ಇಳಿದಿರುವಾಗ ಮಿಷನ್ ನಿಲ್ಲಿಸಿ ಬಟ್ಟೆ ತಿರುಗಿಸಬೇಕು. ಒಳಮೂಲೆ ಬಂದಾಗ ಇದಕ್ಕೆ ಉಲ್ಟಾ: ಸೂಜಿ ಚಿತ್ರದ ಒಳಗೆ ಇಳಿದಿರಬೇಕು. ದುಂಡು ಅಂಚಿಗೂ ಇದೇ ನಿಯಮ, ಉಬ್ಬಿದ ತಿರುವಿಗೆ ಹೊರಗೆ, ತಗ್ಗಿದ ತಿರುವಿಗೆ ಒಳಗೆ. ತಪ್ಪು ಬದಿಯಲ್ಲಿ ತಿರುಗಿಸಿದರೆ ಹೊಲಿಗೆಗಳ ನಡುವೆ ಬೀಸಣಿಗೆಯಾಕಾರದ ಖಾಲಿ ಜಾಗ ಬೀಳುತ್ತದೆ, ಅಲ್ಲಿಂದಲೇ ಎಳೆ ಕಳಚುತ್ತದೆ.

ಅಂಚು ಮಡಿಚಿ ಕೈಹೊಲಿಗೆ. ಅಂಟೇ ಇಲ್ಲದ, ಹಳೆಯ, ನಿಧಾನದ ದಾರಿ. ಚಿತ್ರದ ಗೆರೆಯ ಹೊರಗೆ ಮೂರರಿಂದ ಆರು ಮಿಲಿಮೀಟರ್ ಬಟ್ಟೆ ಬಿಟ್ಟು ಕತ್ತರಿಸಿ, ಕಚ್ಚಾ ಹೊಲಿಗೆಯಿಂದ ಹಾಸುಬಟ್ಟೆಗೆ ಹಿಡಿಸಿ, ಆ ಹೆಚ್ಚುವರಿ ಅಂಚನ್ನು ಸೂಜಿಯ ಮೊನೆಯಿಂದಲೇ ಒಳಕ್ಕೆ ತಳ್ಳುತ್ತಾ ಕಾಣದ ಹೊಲಿಗೆ ಹಾಕುತ್ತಾ ಹೋಗಬೇಕು. ಹತ್ತು ಅಥವಾ ಹನ್ನೊಂದನೆಯ ನಂಬರಿನ ಸಪೂರ ಸೂಜಿ, ಚಿತ್ರದ ಬಟ್ಟೆಯದೇ ಬಣ್ಣದ ಸಣ್ಣ ಹತ್ತಿ ದಾರ ಇದಕ್ಕೆ ಸೂಕ್ತ. ನಕ್ಷತ್ರದ ಒಳಮೂಲೆಯಲ್ಲಿ ಗೆರೆಗೆ ಒಂದೆರಡು ಎಳೆ ಬಾಕಿ ಇರುವಷ್ಟು ಕತ್ತರಿ ಹಾಕದಿದ್ದರೆ ಬಟ್ಟೆ ಮಡಿಚಿಕೊಳ್ಳುವುದಿಲ್ಲ. ಕತ್ತರಿಸಿದ ಆ ಜಾಗದಲ್ಲಿ ಎರಡು ಮೂರು ಹೊಲಿಗೆ ಒತ್ತಾಗಿ ಹಾಕಬೇಕು. ಹೊರತುದಿಯಲ್ಲಿ ಮೊದಲು ಮೊನೆಯನ್ನು ಅಡ್ಡ ಮಡಿಚಿ, ಬಳಿಕ ಎರಡು ಪಕ್ಕಗಳನ್ನು ಒಳಸೇರಿಸಬೇಕು.

ಇಷ್ಟೆಲ್ಲ ಏಕೆ ಎಂದರೆ, ಕೈಯಲ್ಲಿ ಮಾಡಿದ ಅಪ್ಲಿಕ್ ಬಟ್ಟೆಯ ಜೊತೆಗೇ ಬಾಗುತ್ತದೆ, ಸೆಟೆಯುವುದಿಲ್ಲ. ಅಂಚು ಒಳಗೆ ಮಡಿಚಿಕೊಂಡಿರುವುದರಿಂದ ಎಳೆ ಬಿಡುವ ಪ್ರಶ್ನೆಯೇ ಇಲ್ಲ. ಒಳ್ಳೆಯ ಲಿನನ್ ಕೈಯಲ್ಲಿದ್ದು, ಅದು ಮನೆಯಲ್ಲಿ ತಲೆಮಾರು ದಾಟಬೇಕೆಂಬ ಆಸೆಯಿದ್ದರೆ ಇದಕ್ಕಿಂತ ಯೋಗ್ಯವಾದದ್ದು ನನಗೆ ಕಾಣದು. ಆದರೆ ಹಬ್ಬ ಹತ್ತಿರದಲ್ಲಿರುವಾಗ, ಡಜನ್ ನ್ಯಾಪ್ಕಿನ್ ಎದುರಿಗಿಟ್ಟುಕೊಂಡು ಇದಕ್ಕೆ ಕೈಹಾಕಬೇಡಿ. ಚಿತ್ರವೂ ಸರಳವಾಗಿರಲಿ: ಅಗಲ ಎಲೆ, ದುಂಡು ಹಣ್ಣು, ದೊಡ್ಡ ಎಸಳಿನ ಹೂವು. ಕೊರೆದ ಅಂಚಿನ, ಸಣ್ಣ ಕವಲುಗಳ ಚಿತ್ರಗಳನ್ನು ಅಂಟಿನ ವಿಧಾನಕ್ಕೆ ಬಿಡಿ.

ಕಳಚಬಹುದಾದ ಅಪ್ಲಿಕ್. ಇದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಹಬ್ಬದ ಚಿತ್ರವಿರುವ ಬಟ್ಟೆ ವರ್ಷದ ಉಳಿದ ದಿನಗಳಲ್ಲಿ ಪೆಟ್ಟಿಗೆಯಲ್ಲೇ ಇರುತ್ತದೆ. ಒಳ್ಳೆಯ ಟೇಬಲ್ ಕ್ಲಾತ್ ಒಂದೇ ಇರುವವರು ಅದನ್ನು ಒಂದು ಹಬ್ಬಕ್ಕೆ ಕಟ್ಟಿಹಾಕುವುದೇಕೆ? ಚಿತ್ರವನ್ನು ಎರಡು ಪದರದಲ್ಲಿ ಮಾಡಿ: ಮೇಲ್ಪದರ ಮತ್ತು ತೆಳು ಒಳಪದರದ ಮುಖಗಳನ್ನು ಎದುರುಬದುರಾಗಿಟ್ಟು ಸುತ್ತಲೂ ಹೊಲಿದು, ಒಳಪದರದಲ್ಲಿ ಸೀಳು ಮಾಡಿ ತಿರುವಿ ಹಾಕಿ ಇಸ್ತ್ರಿ ಮಾಡಿದರೆ ಎಲ್ಲ ಅಂಚೂ ಮುಚ್ಚಿದ ತುಂಡು ಸಿದ್ಧ. ಅದನ್ನು ಹಾಸುಬಟ್ಟೆಗೆ ಉದ್ದುದ್ದ ಓಟದ ಹೊಲಿಗೆಯಿಂದ ಹಿಡಿಸಿ. ಹಬ್ಬ ಮುಗಿದ ಮೇಲೆ ದಾರ ಎಳೆದರೆ ಬಿಟ್ಟುಬರುತ್ತದೆ. ಸಣ್ಣ ಪ್ರೆಸ್ ಬಟನ್ ಕೂಡ ಆಗಬಹುದು, ಆದರೆ ಇಳಿಬೀಳುವ ಭಾಗದಲ್ಲಿ ಮಾತ್ರ. ಮೇಜಿನ ಮೇಲ್ಭಾಗದಲ್ಲಿ ಅದರ ಗುಬುಟು ಕೈಗೆ, ಲೋಟಕ್ಕೆ ತಾಗುತ್ತದೆ. ಚಿತ್ರ ಬೇರೆ, ಹಾಸು ಬೇರೆಯಾಗಿ ಒಗೆಯಬಹುದಾದ್ದರಿಂದ ಕುಗ್ಗುವುದು, ಬಣ್ಣ ಬಿಡುವುದು ಎಂಬ ತಲೆನೋವು ತಪ್ಪುತ್ತದೆ. ತೀರಾ ಚೂಪು ತುದಿಯ ಆಕಾರಗಳು ತಿರುವಿ ಹಾಕುವಾಗ ಮೊಂಡಾಗುತ್ತವೆ ಎಂಬುದೊಂದೇ ಕೊರತೆ.

ಅಂಗಡಿಯ ಸಿದ್ಧ ತೇಪೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಸೂತಿ ಮಾಡಿದ ಗಟ್ಟಿ ತೇಪೆ ಮೇಜುಬಟ್ಟೆಗೆ ಭಾರವಾಗುತ್ತದೆ. ಬಳಸಲೇಬೇಕೆಂದರೆ ರನ್ನರ್‌ನ ತುದಿಗೆ ಸೀಮಿತವಾಗಿರಲಿ, ಅಂಚಿಗೆ ಕೈಹೊಲಿಗೆ ಬೀಳಲಿ.

ಚಿತ್ರಕ್ಕೆ ಯಾವ ಬಟ್ಟೆ

ಹತ್ತಿಯ ಹಾಸುಬಟ್ಟೆಗೆ ಹತ್ತಿಯ ಚಿತ್ರ, ಇದು ಮೂಲಸೂತ್ರ. ಎರಡೂ ಒಂದೇ ನೀರು, ಒಂದೇ ಬಿಸಿ ತಾಳುತ್ತವೆ. ನೇಯದೆ ನಾರು ಒತ್ತಿ ಮಾಡಿದ ಫೆಲ್ಟ್ ಬಟ್ಟೆ ಆಕರ್ಷಕವೇ ಹೌದು, ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ, ಮಡಿಚುವ ಕೆಲಸವಿಲ್ಲ. ಆದರೆ ಉಣ್ಣೆಯ ಫೆಲ್ಟ್ ಬಿಸಿನೀರಿನಲ್ಲಿ ಕುಗ್ಗಿ ಗಂಟಾಗುತ್ತದೆ. ಕೃತಕ ನಾರಿನ ಫೆಲ್ಟ್ ಉಜ್ಜಿದಲ್ಲಿ ಉಂಡೆಗಟ್ಟುತ್ತದೆ, ಬಿಸಿ ಇಸ್ತ್ರಿಗೆ ಕರಗುತ್ತದೆ. ಹೀಗಾಗಿ ಫೆಲ್ಟ್ ಚಿತ್ರ ಕಳಚುವ ಅಪ್ಲಿಕ್‌ಗೆ ಅತ್ಯುತ್ತಮ, ನ್ಯಾಪ್ಕಿನ್‌ಗೆ ಅತಿ ಕೆಟ್ಟದ್ದು. ಸ್ಯಾಟಿನ್ ಮತ್ತು ಜರಿ ಹೊಳಪಿನ ಬಟ್ಟೆ ಹಬ್ಬಕ್ಕೆ ಒಪ್ಪುತ್ತವೆಯಾದರೂ ಅಂಚು ಬೇಗ ಬಿಡುತ್ತದೆ. ಹಿಂಬದಿಗೆ ತೆಳು ಫ್ಯೂಸಿಂಗ್ (ಇಸ್ತ್ರಿಗೆ ಅಂಟುವ ಆಧಾರದ ಬಟ್ಟೆ) ಅಂಟಿಸಿಯೇ ಕತ್ತರಿಸಿ, ಇಸ್ತ್ರಿಗೆ ಮೇಲೊಂದು ಬಟ್ಟೆ ಹೊದಿಸಿ.

ಬಣ್ಣದ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬದೆ ಪರೀಕ್ಷೆ ಮಾಡಿ. ಹಬ್ಬಕ್ಕೆ ಮನಸ್ಸು ಹೋಗುವುದೇ ಗಾಢ ಕೆಂಪು, ಗಾಢ ಹಸಿರು, ಕಡುನೀಲಿಗೆ. ಬಿಳಿ ಹಾಸಿನ ಮೇಲೆ ಬಣ್ಣ ಬಿಡುವುದೂ ಹೆಚ್ಚಾಗಿ ಇಂಥವೇ. ತುಂಡನ್ನು ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆಯ ಮೇಲಿಟ್ಟು ಇಸ್ತ್ರಿಯಿಂದ ಒಣಗುವವರೆಗೆ ಒತ್ತಿ. ಬಿಳಿ ಬಟ್ಟೆಗೆ ಗುಲಾಬಿ ಛಾಯೆ ಹತ್ತಿದರೂ ಆ ತುಂಡನ್ನು ಇನ್ನೂ ಒಗೆಯಬೇಕು; ಒಗೆದ ಮೇಲೂ ಹತ್ತಿದರೆ ಅದನ್ನು ಬಿಟ್ಟುಬಿಡಿ, ಎಷ್ಟೇ ಇಷ್ಟವಾಗಿದ್ದರೂ.

ಗುರುತು ಹಾಕುವುದು, ಇಡುವುದು

ಹಾಸನ್ನು ಮೇಜಿನ ಮೇಲೆ ಹಾಸಿ, ಮೇಜಿನ ಅಂಚು ಬರುವಲ್ಲಿ ಟೈಲರ್ ಚಾಕಿನಿಂದ ಗೆರೆ ಎಳೆದುಕೊಂಡ ನಂತರವೇ ಚಿತ್ರಗಳ ಜಾಗ ನಿಗದಿಪಡಿಸಿ. ದುಂಡು ಟೇಬಲ್ ಕ್ಲಾತ್ ಆದರೆ ನಾಲ್ಕು, ಎಂಟು ಪಾಲಾಗಿ ಮಡಿಚಿ ಇಸ್ತ್ರಿಯ ಗೆರೆ ಮೂಡಿಸಿದರೆ ಅಂತರ ಸರಿಯಾಗುತ್ತದೆ. ಬಿಸಿಗೆ ಮಾಯವಾಗುವ ಪೆನ್ನಿನ ಗುರುತು ಚಳಿಗೆ ಮತ್ತೆ ಕಾಣಿಸಿಕೊಳ್ಳಬಹುದು. ನೀರಿನಲ್ಲಿ ಹೋಗುವ ಪೆನ್ನಿನ ಗುರುತಿನ ಮೇಲೆ ಇಸ್ತ್ರಿ ಮಾಡಿದರೆ ಅದು ಅಲ್ಲೇ ಉಳಿದುಬಿಡಬಹುದು. ಚಾಕ್ ಸಾಕು. ರನ್ನರ್‌ನ ನಡುಭಾಗವನ್ನು ಎರಡು ಕಡೆಯಿಂದಲೂ ನೋಡುತ್ತಾರೆ, ಆದ್ದರಿಂದ ಅಲ್ಲಿ ನಕ್ಷತ್ರ, ಹೂವು, ಹಿಮದ ಹರಳಿನಂಥ ಎಲ್ಲ ದಿಕ್ಕಿಗೂ ಸಮನಾದ ಆಕಾರಗಳು. ಇಳಿಬೀಳುವ ತುದಿಯಲ್ಲಿ ಗಿಡ, ದೀಪ, ಹಕ್ಕಿಯಂಥ ಮೇಲುಕೆಳಗು ಇರುವ ಚಿತ್ರಗಳು, ಅವುಗಳ ಬುಡ ಅಂಚಿನ ಕಡೆಗೆ.

ಮಡಿಚಿ ಹೊಲಿದ ದಪ್ಪ ಅಂಚಿನ ಮೇಲೆ ಚಿತ್ರ ಹತ್ತಿಸಬೇಡಿ, ಮೂಲೆಯಲ್ಲಂತೂ ಖಂಡಿತ ಬೇಡ. ಪದರಗಳು ಸೇರಿದಲ್ಲಿ ಸೂಜಿ ಮುರಿಯುತ್ತದೆ, ಅಂಟು ಹಿಡಿಯುವುದಿಲ್ಲ.

ಮುಗಿದ ಬಟ್ಟೆಗೆ ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಹಾಸಿ, ಚಿತ್ರದ ಮುಖವನ್ನು ಕೆಳಗೆ ಮಾಡಿ ಹಿಂಬದಿಯಿಂದ ಒತ್ತಿ. ಸ್ಯಾಟಿನ್ ಹೊಲಿಗೆ ಚಪ್ಪಟೆಯಾಗದೆ ಉಬ್ಬಾಗಿಯೇ ಉಳಿಯುತ್ತದೆ. ಎತ್ತಿಡುವಾಗ ಅಂಟಿಸಿದ ಚಿತ್ರದ ಮೇಲೆ ಮಡಿಕೆ ಬೀಳಬಾರದು, ಬಿದ್ದ ಗೆರೆ ಸುಲಭಕ್ಕೆ ಹೋಗದು. ರನ್ನರ್ ಆದರೆ ಸುರುಳಿ ಸುತ್ತಿ, ಟೇಬಲ್ ಕ್ಲಾತ್ ಆದರೆ ಮಡಿಕೆಗಳನ್ನು ಚಿತ್ರಗಳ ನಡುವಿನ ಖಾಲಿ ಜಾಗಕ್ಕೆ ಹೊಂದಿಸಿಕೊಳ್ಳಿ. ಕೊಳ್ಳುವಾಗಲೇ ಸೆಟ್‌ನ ಜೊತೆಗೆ ಒಂದು ನ್ಯಾಪ್ಕಿನ್ ಹೆಚ್ಚಿಗೆ ತನ್ನಿ. ಅಂಟಿನ ಬಿಸಿ, ಹೊಲಿಗೆಯ ಅಗಲ, ದಾರದ ಬಣ್ಣ ಎಲ್ಲವನ್ನೂ ಅದರ ಮೇಲೆ ಪ್ರಯೋಗಿಸಿ, ಎರಡು ಸಲ ಒಗೆದು ನೋಡಿ. ಅದು ಹೇಗಿದೆಯೋ ನಿಮ್ಮ ಟೇಬಲ್ ಕ್ಲಾತ್ ಕೂಡ ಹಾಗೆಯೇ ಆಗಲಿದೆ.